ಪಗಾರ ಎಷ್ಟು? ಪಗಾರ ಯಾವಾಗ?
(ಸಂಘದ ವಾರ್ಷಿಕ ಕ್ರೀಡಾ ಬಹುಮಾನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



 

ಕ್ರೀಡೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದ ಹಿರಿಯರು ಅಪ್ಪಣೆ ಕೊಟ್ಟಾಗ ನನಗೆ ಸಂಕೋಚವಾಯಿತು. ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಸೀಟಿ ಊದುವ ಕೆಲಸ ನನ್ನದಲ್ಲ. ಆದರೂ ಒಪ್ಪಿಕೊಂಡೆ. ಏಕೆಂದರೆ ಹೋದ ವರ್ಷ ನನ್ನ ತರಗತಿಯ ಒಬ್ಬ ಹುಡುಗ ನನ್ನನ್ನು ಒಂದು ಪ್ರಶ್ನೆಯ ಮುಂದೆ ನಿಲ್ಲಿಸಿದ. ಅದಕ್ಕೆ ಉತ್ತರ ಹುಡುಕುತ್ತ ನಾನು ಓದಿದ್ದನ್ನು, ತಿಳಿದುಕೊಂಡಿದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಆ ಹುಡುಗ ಹತ್ತನೆಯ ತರಗತಿಯಲ್ಲಿದ್ದ. ಚೆಂಡು ಕಾಲಿಗೆ ಸಿಕ್ಕರೆ ಮೈದಾನದಲ್ಲಿ ಅವನನ್ನು ಹಿಡಿಯುವವರು ಯಾರೂ ಇರಲಿಲ್ಲ. ಪರೀಕ್ಷೆಗೆ ಮೂರು ತಿಂಗಳಿರುವಾಗ ಬಂದು, "ಸರ್, ನಾನು ಶಾಲೆ ಬಿಡ್ತೀನ್ರಿ. ಬೆಂಗಳೂರಿಗೆ ಹೋಗಿ ಫುಟ್‌ಬಾಲ್ ಕ್ಲಬ್ ಸೇರ್ತೀನಿ. ಅಲ್ಲಿ ಲಕ್ಷಗಟ್ಟಲೆ ಪಗಾರ ಐತ್ರಿ" ಎಂದ. ನಾನು ಅವನ ತಂದೆಯನ್ನು ಕಾಣಲು ಬನಹಟ್ಟಿಗೆ ಹೋದೆ. ಅವರು ಬೇರೆಯವರ ವಿದ್ಯುತ್ ಮಗ್ಗದಲ್ಲಿ ಸೀರೆ ನೇಯುವವರು. ಮಗ್ಗದ ಸದ್ದಿನ ನಡುವೆಯೇ ನನ್ನ ಮಾತನ್ನೆಲ್ಲ ಕೇಳಿ ಅವರು ಹೇಳಿದ್ದು ಇಷ್ಟೆ: "ಮಾಸ್ತರ, ಎಷ್ಟ ಕೊಡ್ತಾರ ಅನ್ನೂದು ಪೇಪರನ್ಯಾಗ ಬರತೈತಿ. ಯಾವಾಗ ಕೊಡ್ತಾರ ಅನ್ನೂದು ಯಾರೂ ಹೇಳಂಗಿಲ್ಲ. ನೀವು ಅದನ್ನಟ ತಿಳ್ಕೊಂಡ ಬಂದ ಹೇಳ್ರಿ."

ಮಜೂರಿಯ ಮೇಲೆ ಬದುಕುವ ಮನುಷ್ಯನ ಈ ಪ್ರಶ್ನೆಗಿಂತ ದೊಡ್ಡ ಪ್ರಶ್ನೆಯನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ. ಎಷ್ಟು ಮತ್ತು ಯಾವಾಗ ಎಂಬ ಎರಡು ಪದಗಳೇ ನನ್ನ ಇಂದಿನ ಭಾಷಣ.

ಮಕ್ಕಳೇ, ಫುಟ್‌ಬಾಲ್ ನಮ್ಮ ನಾಡಿಗೆ ಹೊಸದಲ್ಲ. ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿಯನ್ನು ಬಹುಕಾಲ ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದವು. ಆ ಸಾಲನ್ನು 1937ರಲ್ಲಿ ಮುರಿದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿ ಅದೇ ತಂಡ ಮತ್ತೆ ಗೆದ್ದಿತು. ಬೆಂಗಳೂರಿನಲ್ಲೇ ಹುಟ್ಟಿದ ಅಹ್ಮದ್ ಖಾನ್ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರ ಆಡಿದರು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. ಮುಂದೆ ಎಚ್.ಎ.ಎಲ್., ಐ.ಟಿ.ಐ.ಯಂಥ ಕಾರ್ಖಾನೆಗಳು ತಮ್ಮ ತಂಡಗಳನ್ನು ಕಟ್ಟಿದವು. ಅಲ್ಲಿನ ಆಟಗಾರ ಕಾರ್ಖಾನೆಯ ನೌಕರ. ಗೆದ್ದರೂ ಸೋತರೂ, ಕಾಲು ಮುರಿದುಕೊಂಡರೂ ತಿಂಗಳ ಪಗಾರ ಬರುತ್ತಿತ್ತು. ಮೊತ್ತ ದೊಡ್ಡದಾಗಿರಲಿಲ್ಲ, ಆದರೆ ತಾರೀಖು ತಪ್ಪುತ್ತಿರಲಿಲ್ಲ. ಅಂದರೆ ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದಕ್ಕೆ ಅಲ್ಲಿ ಉತ್ತರವಿತ್ತು.

ಕಾಲ ಬದಲಾಯಿತು. ಆಟವೇ ಉದ್ಯೋಗವಾದ ವೃತ್ತಿಪರ ಕ್ಲಬ್ಬುಗಳು ಬಂದವು. 1996-97ರಲ್ಲಿ ರಾಷ್ಟ್ರೀಯ ಲೀಗ್ ಆರಂಭವಾದಾಗ ಮೊದಲ ಚಾಂಪಿಯನ್ ಆದದ್ದು ಪಂಜಾಬಿನ ಜೆ.ಸಿ.ಟಿ. ತಂಡ. 2011ರಲ್ಲಿ ಆ ತಂಡವನ್ನೇ ಮುಚ್ಚಲಾಯಿತು. ಅದಕ್ಕೆ ಒಂದು ವರ್ಷ ಮೊದಲು, 2010ರಲ್ಲಿ, ಮುಂಬಯಿಯ ಮಹೀಂದ್ರಾ ಯುನೈಟೆಡ್ ತಂಡ ಮುಚ್ಚಿತ್ತು. ಖರ್ಚು ಬೆಳೆಯಿತು, ನೋಡುವವರು ಬೆಳೆಯಲಿಲ್ಲ. ಒಡೆಯರ ಮನಸ್ಸು ಇರುವ ತನಕ ತಂಡ, ಮನಸ್ಸು ತಿರುಗಿದರೆ ತಂಡವಿಲ್ಲ ಎಂಬಂತಾಯಿತು.

2014ರ ಅಕ್ಟೋಬರ್ 12ರಂದು ಎಂಟು ತಂಡಗಳೊಂದಿಗೆ ಇಂಡಿಯನ್ ಸೂಪರ್ ಲೀಗ್ ಆರಂಭವಾಯಿತು. ಟಿ.ವಿ.ಯಲ್ಲಿ ಬೆಳಕು, ಸಂಗೀತ, ವಿದೇಶಿ ತಾರೆಯರು. 2013ರಲ್ಲಿ ಹುಟ್ಟಿದ ನಮ್ಮ ಬೆಂಗಳೂರು ಎಫ್.ಸಿ. 2017-18ರಲ್ಲಿ ಈ ಲೀಗಿಗೆ ಸೇರಿ, 2019ರ ಮಾರ್ಚ್ 17ರಂದು ಗೋವಾ ತಂಡವನ್ನು 1-0ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಹೊಸ ಲೀಗ್ ನಡೆಸುವವರು ಹಳೆಯ ತಪ್ಪು ಆಗಬಾರದೆಂದು ಒಂದು ನಿಯಮ ಮಾಡಿದರು. ಒಂದು ತಂಡ ತನ್ನ ಆಟಗಾರರ ಸಂಬಳಕ್ಕೆ ಒಂದು ಹಂಗಾಮಿನಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಇದಕ್ಕೆ ಸಂಬಳದ ಮಿತಿ ಎನ್ನುತ್ತಾರೆ. ಹಲವು ಹಂಗಾಮುಗಳಲ್ಲಿ ಈ ಮಿತಿ ತಂಡಕ್ಕೆ 16.5 ಕೋಟಿ ರೂಪಾಯಿ ಇತ್ತು. ವಿದ್ಯಾರ್ಥಿಗಳು ಲೆಕ್ಕ ಹಾಕಿರಿ. ಮೂವತ್ತು ಆಟಗಾರರಿಗೆ ಸಮನಾಗಿ ಹಂಚಿದರೆ ತಲೆಗೆ 55 ಲಕ್ಷ. ಆದರೆ ಸಮನಾಗಿ ಹಂಚುವುದಿಲ್ಲ. ವಿದೇಶಿ ಆಟಗಾರರಿಗೆ, ಹೆಸರಾದವರಿಗೆ ಹೆಚ್ಚು ಹೋಗುತ್ತದೆ, ಹೊಸಬನಿಗೆ ಉಳಿಯುವುದು ಕಡಿಮೆ. ನಮ್ಮ ಹುಡುಗ ಪೇಪರಿನಲ್ಲಿ ಓದಿದ್ದು ಮೇಲಿನವರ ಲೆಕ್ಕ. ಅವನು ಸೇರುವುದಾದರೆ ಸೇರುವುದು ಕೆಳಗಿನ ಸಾಲಿಗೆ.

ಈ ಮಿತಿ ಜಿಪುಣತನವೇ? ಅಲ್ಲ. ಅಮೆರಿಕದ ಒಂದು ಉದಾಹರಣೆ ಹೇಳುತ್ತೇನೆ. ಅಲ್ಲಿ 1968ರಿಂದ 1984ರವರೆಗೆ ಒಂದು ಫುಟ್‌ಬಾಲ್ ಲೀಗ್ ನಡೆಯಿತು. 1975ರಲ್ಲಿ ನ್ಯೂಯಾರ್ಕ್ ಕಾಸ್ಮಾಸ್ ತಂಡ ಬ್ರೆಜಿಲಿನ ಪೆಲೆಯವರನ್ನೇ ಕರೆತಂದಿತು. ಅವರನ್ನು ನೋಡಲು ಜನ ಮುಗಿಬಿದ್ದರು. ಉಳಿದ ತಂಡಗಳಿಗೂ ಹುಮ್ಮಸ್ಸು ಬಂತು. ಇದ್ದವರೂ ಇಲ್ಲದವರೂ ಕಾಸ್ಮಾಸ್‌ನಂತೆ ಖರ್ಚಿಗೆ ನಿಂತರು. ಒಂದು ಕಾಲಕ್ಕೆ 24 ತಂಡಗಳಿದ್ದ ಲೀಗಿನಲ್ಲಿ 1984ರ ಹೊತ್ತಿಗೆ ಉಳಿದದ್ದು 9. ಮರುವರ್ಷ ಲೀಗೇ ಇಲ್ಲ.

ಆ ಸುಟ್ಟ ಕೈಯಿಂದ ಕಲಿತವರು 1996ರಲ್ಲಿ ಹತ್ತು ತಂಡಗಳೊಂದಿಗೆ ಮೇಜರ್ ಲೀಗ್ ಸಾಕರ್ ಎಂಬ ಹೊಸ ಲೀಗ್ ಕಟ್ಟಿದರು. ಮೊದಲ ದಿನದಿಂದಲೇ ಸಂಬಳಕ್ಕೆ ಮಿತಿ ಹಾಕಿದರು. ಆದರೂ ದಾರಿ ಹೂವಿನದಾಗಿರಲಿಲ್ಲ. 2002ರ ಆರಂಭದಲ್ಲಿ ಫ್ಲಾರಿಡಾದ ಎರಡು ತಂಡಗಳನ್ನು ಮುಚ್ಚಬೇಕಾಯಿತು, ಹನ್ನೆರಡಿದ್ದದ್ದು ಮತ್ತೆ ಹತ್ತಾಯಿತು. ಅವರು ಓಡಲಿಲ್ಲ, ನಿಧಾನವಾಗಿ ನಡೆದರು. ಫುಟ್‌ಬಾಲಿಗೆಂದೇ ಸ್ವಂತ ಮೈದಾನಗಳನ್ನು ಕಟ್ಟಿದರು. ಹನ್ನೊಂದು ವರ್ಷ ಕಾದು, 2007ರಲ್ಲಿ ಡೇವಿಡ್ ಬೆಕಮ್ ಬಂದಾಗ ಮಾತ್ರ, ಮಿತಿಯ ಹೊರಗೆ ಒಬ್ಬ ತಾರೆಗೆ ಹಣ ಕೊಡಬಹುದೆಂಬ ಕಿಟಕಿ ತೆರೆದರು. 2025ರಲ್ಲಿ ಆ ಲೀಗಿನಲ್ಲಿ 30 ತಂಡಗಳು ಆಡಿದವು. ಮೊದಲು ಗೋಡೆ, ನಂತರ ಕಿಟಕಿ. ಹಿಂದಿನವರು ಗೋಡೆಯೇ ಇಲ್ಲದೆ ಕಿಟಕಿ ಇಟ್ಟಿದ್ದರು.

ಚೀನಾ ದೇಶದ ಕಥೆ ಇದಕ್ಕೆ ವಿರುದ್ಧ. ಅಲ್ಲಿನ ಕ್ಲಬ್ಬುಗಳು ಮನೆ ಕಟ್ಟಿ ಮಾರುವ ದೊಡ್ಡ ಕಂಪನಿಗಳ ಹಣದಿಂದ ವರ್ಷಗಟ್ಟಲೆ ಮಿತಿಮೀರಿ ಖರ್ಚು ಮಾಡಿದವು. 2020ರ ಡಿಸೆಂಬರಿನಲ್ಲಿ ಬಿಗಿಯಾದ ಮಿತಿ ಬಂತು. ಸ್ವದೇಶಿ ಆಟಗಾರನಿಗೆ ವರ್ಷಕ್ಕೆ 50 ಲಕ್ಷ ಯುವಾನ್‌ಗಿಂತ ಹೆಚ್ಚು ಕೊಡುವಂತಿಲ್ಲ ಎಂದರು. ಆದರೆ 2020ರ ಚಾಂಪಿಯನ್ ಜಿಯಾಂಗ್ಸು ತಂಡ 2021ರ ಫೆಬ್ರವರಿಯಲ್ಲೇ ಬಾಗಿಲು ಹಾಕಿತು. ಎಂಟು ಸಲ ಲೀಗ್ ಗೆದ್ದಿದ್ದ, ಎರಡು ಸಲ ಏಷ್ಯಾದ ಚಾಂಪಿಯನ್ ಆಗಿದ್ದ ಗುವಾಂಗ್‌ಜೌ ತಂಡ 2025ರ ಜನವರಿಯಲ್ಲಿ ಇಲ್ಲವಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಮ್ಮ ಹಿರಿಯರು ಹೇಳುವುದು ಇದನ್ನೇ. ಮಿತಿ ಎಂಬುದು ಬಡತನದಲ್ಲಿ ಮಾಡುವ ಕಾನೂನಲ್ಲ, ಕೈಯಲ್ಲಿ ಹಣ ಇರುವಾಗಲೇ ಮಾಡಿಕೊಳ್ಳುವ ಸಂಯಮ.

ನಮ್ಮ ಹಳ್ಳಿಯ ಮಣ್ಣಿಗೆ ಹತ್ತಿರವಾದ ಕಬಡ್ಡಿಯನ್ನೇ ನೋಡಿರಿ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದಾಗ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಬಂದ ಆಟಗಾರನಿಗೆ ಸಿಕ್ಕಿದ್ದು 12.8 ಲಕ್ಷ. ಒಂದು ತಂಡ ಹರಾಜಿನಲ್ಲಿ ಮಾಡಬಹುದಾದ ಖರ್ಚಿನ ಮಿತಿ 2018ರಲ್ಲಿ 4 ಕೋಟಿ, 2019ರಲ್ಲಿ 4.4 ಕೋಟಿ, 2023ರಲ್ಲಿ 5 ಕೋಟಿ. ಒಂದೊಂದೇ ಮೆಟ್ಟಿಲು. ಆದರೆ ಇಲ್ಲೂ ಒಂದು ಪಾಠವಿದೆ. 2023ರಲ್ಲಿ ತೆಲುಗು ಟೈಟನ್ಸ್ ತಂಡ 5 ಕೋಟಿಯಲ್ಲಿ 2.605 ಕೋಟಿಯನ್ನು ಒಬ್ಬನೇ ಆಟಗಾರನಿಗೆ ಕೊಟ್ಟಿತು. ಆ ಆಟಗಾರ ಪವನ್ ಸೆಹ್ರಾವತ್, ಅವರ ಸಾಮರ್ಥ್ಯದಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ಹನ್ನೆರಡು ತಂಡಗಳಲ್ಲಿ ಟೈಟನ್ಸ್ ಕೊನೆಯ ಸ್ಥಾನಕ್ಕೆ ಬಂತು. ಅಂಗಳದಲ್ಲಿ ನಿಲ್ಲುವವರು ಏಳು ಜನ. ಒಬ್ಬನ ತಟ್ಟೆಗೆ ಅರ್ಧಕ್ಕಿಂತ ಹೆಚ್ಚು ಬಡಿಸಿದರೆ ಉಳಿದ ಪಂಕ್ತಿಗೆ ಏನು ಉಳಿಯುತ್ತದೆ?

ಇಷ್ಟು ಕೇಳಿ, "ಸರಿ ಬಿಡಿ, ಮಿತಿ ಹಾಕಿದರೆ ಎಲ್ಲವೂ ಸುಸೂತ್ರ" ಎಂದು ನೀವು ಅಂದುಕೊಳ್ಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಮಗ್ಗದ ಮುಂದೆ ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಎಷ್ಟು ಎಂಬುದಕ್ಕೆ ಮಿತಿ ಇದ್ದ ನಮ್ಮದೇ ಇಂಡಿಯನ್ ಸೂಪರ್ ಲೀಗಿನಲ್ಲಿ ಯಾವಾಗ ಎಂಬುದು ಏನಾಯಿತು?

2021-22ರ ಹಂಗಾಮಿನ ಚಾಂಪಿಯನ್ ಹೈದರಾಬಾದ್ ಎಫ್.ಸಿ. ಪ್ರಶಸ್ತಿಯ ಜೊತೆಗೆ 6 ಕೋಟಿ ರೂಪಾಯಿ ಬಹುಮಾನ. ಸಂಬಳದ ಮಿತಿ 16.5 ಕೋಟಿ, ಗೆದ್ದ ತಂಡಕ್ಕೆ ಬಹುಮಾನ 6 ಕೋಟಿ! ಗೆದ್ದವರ ಲೆಕ್ಕವೇ ಹೀಗಾದರೆ ಸೋತವರ ಪಾಡು ಹೇಳಬೇಕೆ? ಎರಡೇ ವರ್ಷಗಳಲ್ಲಿ, 2023-24ರಲ್ಲಿ, ಅದೇ ತಂಡದಲ್ಲಿ ಸಂಬಳ ಬಾಕಿ ಬಿದ್ದು ಆಟಗಾರರು ಒಬ್ಬೊಬ್ಬರಾಗಿ ಬಿಟ್ಟು ಹೋದರು. 2025ರಲ್ಲಿ ತಂಡವೇ ಹೈದರಾಬಾದನ್ನು ಬಿಟ್ಟು ದೆಹಲಿಗೆ ಹೋಗಿ ಬೇರೆ ಹೆಸರು ಪಡೆಯಿತು. 1891ರಲ್ಲಿ ಹುಟ್ಟಿದ, ನಮ್ಮ ಅಜ್ಜಂದಿರು ಹೆಮ್ಮೆಯಿಂದ ಹೆಸರು ಹೇಳುತ್ತಿದ್ದ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ 2024-25ರಲ್ಲಿ ಈ ಲೀಗಿಗೆ ಏರಿದಾಗ ನಾನೂ ಸಂತೋಷಪಟ್ಟೆ. ಆ ಹಂಗಾಮು ಮುಗಿಯುವ ಮೊದಲೇ, ಸಂಬಳ ಬಂದಿಲ್ಲವೆಂದು ಆಟಗಾರರು ಅಭ್ಯಾಸಕ್ಕೆ ಇಳಿಯಲಿಲ್ಲ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು.

ಇನ್ನು ನಮ್ಮ ಬೆಂಗಳೂರು. 2025ರ ಏಪ್ರಿಲ್ 12ರಂದು ಬೆಂಗಳೂರು ಎಫ್.ಸಿ. ಲೀಗಿನ ಫೈನಲ್ ಆಡಿ ಮೋಹನ್ ಬಾಗಾನ್‌ಗೆ 2-1ರಿಂದ ಸೋತಿತು. ಫೈನಲ್ ತಲುಪಿದ ತಂಡ! ನಾಲ್ಕು ತಿಂಗಳೂ ತುಂಬಿರಲಿಲ್ಲ, ಆಗಸ್ಟ್ 4ರಂದು ಅದೇ ಕ್ಲಬ್ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಕಾರಣವೇನು? ಲೀಗ್ ನಡೆಸುವ ಕಂಪನಿಗೂ ರಾಷ್ಟ್ರೀಯ ಫುಟ್‌ಬಾಲ್ ಫೆಡರೇಷನ್ನಿಗೂ 2010ರಲ್ಲಿ ಆಗಿದ್ದ 15 ವರ್ಷಗಳ, 700 ಕೋಟಿ ರೂಪಾಯಿಯ ಕರಾರು 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಮುಂದೇನೆಂದು ತೀರ್ಮಾನವಾಗಿರಲಿಲ್ಲ. ಜುಲೈ ತಿಂಗಳಲ್ಲೇ ಹೊಸ ಹಂಗಾಮನ್ನು ತಡೆಹಿಡಿಯಲಾಯಿತು. ಲೀಗಿನ ವಾಣಿಜ್ಯ ಹಕ್ಕುಗಳಿಗೆ ಟೆಂಡರ್ ಕರೆದರೆ ನವೆಂಬರಿನಲ್ಲಿ ಒಂದು ಅರ್ಜಿಯೂ ಬರಲಿಲ್ಲ. ಕೊನೆಗೆ 2026ರ ಜನವರಿಯಲ್ಲಿ, ಫೆಬ್ರವರಿ 14ರಿಂದ 14 ತಂಡಗಳು 91 ಪಂದ್ಯಗಳನ್ನಷ್ಟೇ ಆಡುವ ಚಿಕ್ಕ ಹಂಗಾಮನ್ನು ಕೇಂದ್ರ ಕ್ರೀಡಾ ಸಚಿವರು ಪ್ರಕಟಿಸಿದರು.

ಗಮನಿಸಿರಿ, ಇಲ್ಲಿ ಆಟಗಾರರ ತಪ್ಪು ಏನಿತ್ತು? ಅವರು ಮಿತಿಯೊಳಗೇ ಸಂಬಳ ಪಡೆದರು. ಫೈನಲ್‌ವರೆಗೂ ಆಡಿದರು. ಹಾಗಾದರೆ ಮಿತಿ ಸೋತಿತೇ? ನನ್ನ ತಿಳಿವಳಿಕೆಯಲ್ಲಿ ಮಿತಿ ಸೋಲಲಿಲ್ಲ, ಮಿತಿ ಒಂಟಿಯಾಗಿತ್ತು. ಸಂಬಳದ ಮಿತಿ ಮನೆಗೆ ಛಾವಣಿ ಇದ್ದಂತೆ. ಇದಕ್ಕಿಂತ ಮೇಲೆ ಹೋಗಬೇಡ ಎನ್ನುತ್ತದೆ. ಆದರೆ ಛಾವಣಿಯೊಂದೇ ಮನೆಯಾಗುವುದಿಲ್ಲ, ಕೆಳಗೆ ನೆಲಗಟ್ಟು ಬೇಕು. ಇಷ್ಟು ಹಣ ಮೊದಲೇ ತೆಗೆದಿಟ್ಟಿದೆ, ಇಂಥ ತಾರೀಖಿಗೆ ತಪ್ಪದೆ ಕೊಡುತ್ತೇವೆ ಎಂಬುದೇ ಆ ನೆಲಗಟ್ಟು. ಎಲ್ಲ ತಂಡಗಳ ಭವಿಷ್ಯ ಒಂದೇ ಕರಾರಿನ ಎಳೆಗೆ ನೇತುಬಿದ್ದಿತ್ತು. ಒಂದೇ ಎಳೆಗೆ ಇಡೀ ಸೀರೆಯ ಭಾರ ಹಾಕಬಾರದೆಂದು ರಬಕವಿ-ಬನಹಟ್ಟಿಯ ನೇಕಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮುಧೋಳ, ಜಮಖಂಡಿಯ ಕಬ್ಬು ಬೆಳೆಗಾರರಿಗೂ ಇದು ಚೆನ್ನಾಗಿ ಗೊತ್ತು. ಟನ್ನಿಗೆ ದರ ಎಷ್ಟು ಎಂಬುದಕ್ಕೆ ಹೋರಾಟ ನಡೆಯುತ್ತದೆ. ಆದರೆ 1966ರ ಕಬ್ಬು ನಿಯಂತ್ರಣ ಆದೇಶ ದರದ ಜೊತೆಗೆ ದಿನವನ್ನೂ ಹೇಳಿದೆ. ಕಬ್ಬು ಕೊಟ್ಟ 14 ದಿನಗಳೊಳಗೆ ರೈತನಿಗೆ ಹಣ ಸೇರಬೇಕು. ಆ ಕಾನೂನು ಬರೆದವರಿಗೆ ಬೆಳೆಗಾರನ ಮನೆಯ ಕಷ್ಟ ಗೊತ್ತಿತ್ತು. ಕೂಲಿಯವನ ಬೆವರು ಆರುವ ಮೊದಲೇ ಅವನ ಕೂಲಿ ಅವನ ಕೈ ಸೇರಬೇಕೆಂಬ ಪ್ರವಾದಿವರ್ಯರ (ಸ) ಬೋಧನೆಯನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಆ ಬೋಧನೆಯಲ್ಲಿ ಒತ್ತು ಬಿದ್ದಿರುವುದು ಮೊತ್ತದ ಮೇಲಲ್ಲ, ಸಮಯದ ಮೇಲೆ.

ಆಟಗಾರನ ಕಡೆಯ ನ್ಯಾಯವನ್ನೂ ಹೇಳಬೇಕು. ಆಟಗಾರನ ದುಡಿಮೆಯ ವಯಸ್ಸು ಹತ್ತು-ಹನ್ನೆರಡು ವರ್ಷ. ಅಷ್ಟರಲ್ಲೇ ಅವನು ಜೀವಮಾನದ ದುಡಿಮೆ ಮಾಡಬೇಕು. ಅವನಿಗೆ ಮಿತಿ ಹಾಕುವುದೆಂದರೆ ಅವನ ಜೇಬಿನಿಂದಲೇ ಲೀಗನ್ನು ಉಳಿಸಿದಂತೆ. ಅಮೆರಿಕದ ಆಟಗಾರರು ಇದು ಅನ್ಯಾಯವೆಂದು 1997ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿ, 2002ರಲ್ಲಿ ಮೇಲ್ಮನವಿಯಲ್ಲೂ ಸೋತರು. ಸೋತು ಸುಮ್ಮನೆ ಕೂರಲಿಲ್ಲ. 2003ರಲ್ಲಿ ತಮ್ಮ ಸಂಘ ಕಟ್ಟಿಕೊಂಡು, ಲೀಗಿನೊಂದಿಗೆ ಕುಳಿತು ಮಾತನಾಡಿ ಲಿಖಿತ ಒಪ್ಪಂದ ಮಾಡಿಕೊಂಡರು. ಇಂದು ಅಲ್ಲಿ ಗರಿಷ್ಠ ಮಿತಿ ಇರುವಂತೆ ಕನಿಷ್ಠ ಸಂಬಳವೂ ಇದೆ. ಇನ್ಸಾಫ್ ಎಂದರೆ ಇದು. ಇದಕ್ಕಿಂತ ಹೆಚ್ಚಿಲ್ಲ ಎನ್ನುವವನು ಇದಕ್ಕಿಂತ ಕಡಿಮೆಯೂ ಇಲ್ಲ, ತಡವೂ ಇಲ್ಲ ಎಂದು ಬರೆದುಕೊಡಬೇಕು.

ಇದನ್ನು ಇಷ್ಟು ಒತ್ತಿ ಏಕೆ ಹೇಳುತ್ತೇನೆಂದರೆ ನಾನೂ ಪಗಾರಕ್ಕೆ ಕಾದವನು. ಬಿ.ಎಡ್. ಮುಗಿಸಿದ ಹೊಸತರಲ್ಲಿ ಒಂದು ಅನುದಾನರಹಿತ ಶಾಲೆಯಲ್ಲಿ ಗೌರವಧನದ ಮೇಲೆ ಸೇರಿದೆ. ಶಾಲೆಯ ಹೆಸರು ಬೇಡ. ಅವರು ಒಳ್ಳೆಯ ಮನಸ್ಸಿನಿಂದಲೇ ಹೊಸ ಕೋಣೆಗಳನ್ನು ಕಟ್ಟಿಸಿದರು, ಹೊಸ ತರಗತಿಗಳನ್ನು ತೆರೆದರು. ನಮ್ಮ ಗೌರವಧನವನ್ನೂ ಕಾಗದದ ಮೇಲೆ ಹೆಚ್ಚಿಸಿದರು. ಆ ವರ್ಷ ನಾಲ್ಕು ತಿಂಗಳು ಕೈಗೆ ಬಿಡಿಗಾಸು ಬರಲಿಲ್ಲ. ಪಾಠ ಮಾಡುವಾಗ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಕಣ್ಣ ಮುಂದೆ ಬರುತ್ತಿತ್ತು. ಹೆಚ್ಚಿಸಿದ ಗೌರವಧನಕ್ಕಿಂತ ಹಳೆಯ ಗೌರವಧನವೇ ತಾರೀಖಿಗೆ ಸರಿಯಾಗಿ ಬಂದಿದ್ದರೆ ನಾನು ಇನ್ನಷ್ಟು ಚೆನ್ನಾಗಿ ಕಲಿಸುತ್ತಿದ್ದೆ.

ಸಂಘದ ಹಿರಿಯರೇ, ಈಗ ಇಲ್ಲಿಯ ಮಾತಿಗೆ ಬರುತ್ತೇನೆ. ನಮ್ಮ ಉತ್ಸಾಹಿ ಯುವಕರು ನಾಲ್ಕೂ ತಾಲ್ಲೂಕುಗಳ ತಂಡಗಳನ್ನು ಸೇರಿಸಿ, ಆಟಗಾರರನ್ನು ಹರಾಜು ಹಾಕಿ, ಪ್ರಾಯೋಜಕರನ್ನು ಹಿಡಿದು ಒಂದು ಫುಟ್‌ಬಾಲ್ ಲೀಗ್ ಮಾಡೋಣ ಎನ್ನುತ್ತಿದ್ದಾರೆ. ನಾನು ಬೇಡ ಎನ್ನುವುದಿಲ್ಲ. ಆದರೆ ಚಿಕ್ಕವನಾದರೂ ನಾಲ್ಕು ವಿನಂತಿಗಳನ್ನು ಇಡುತ್ತೇನೆ.

ಒಂದು, ಪ್ರತಿ ತಂಡದ ಖರ್ಚಿಗೆ ಮಿತಿ ಇರಲಿ, ಒಬ್ಬನೇ ಆಟಗಾರನಿಗೆ ಅದರ ಅರ್ಧ ಹೋಗದಿರಲಿ. ಎರಡು, ಹರಾಜಿನ ದಿನಕ್ಕೆ ಮೊದಲೇ ಇಡೀ ಮೊತ್ತ ಸಂಘದ ಬ್ಯಾಂಕ್ ಖಾತೆಯಲ್ಲಿ ಜಮಾ ಆಗಲಿ. ಬಾಯಿಮಾತಿನ ಪ್ರಾಯೋಜಕನ ಹೆಸರಿನಲ್ಲಿ ಯಾವ ಹುಡುಗನಿಗೂ ವಾಯಿದೆ ಕೊಡುವುದು ಬೇಡ. ಮೂರು, ಒಬ್ಬ ದೊಡ್ಡ ದಾನಿಯ ಮೇಲೆ ನಿಲ್ಲದೆ, ಹತ್ತು-ಇಪ್ಪತ್ತು ರೂಪಾಯಿ ಕೊಟ್ಟು ನೋಡಲು ಬರುವ ನೂರು ಜನರ ಮೇಲೆ ನಿಲ್ಲೋಣ. ಮೊದಲ ವರ್ಷ ನಾಲ್ಕೇ ತಂಡಗಳಿದ್ದರೂ ಸಾಕು. ಬಂದ ಹಣ, ಹೋದ ಹಣ ಎರಡನ್ನೂ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಹಚ್ಚೋಣ. ನಾಲ್ಕು, ಪ್ರತಿ ತಂಡದಲ್ಲಿ ಶಾಲಾ ವಿದ್ಯಾರ್ಥಿಗಳಿಗೆ ಜಾಗವಿರಲಿ, ಪರೀಕ್ಷೆಯ ತಿಂಗಳುಗಳಲ್ಲಿ ಪಂದ್ಯ ಬೇಡ.

ಒಂದು ಮಾತು ಹೆಚ್ಚಾದರೆ ಕ್ಷಮೆ ಇರಲಿ. ಲೀಗಿಗೆ ಹೇಳಿದ ಈ ಮಾತು ನಮ್ಮ ಸಂಸ್ಥೆಗಳಿಗೂ ಸಲ್ಲುತ್ತದೆ. ಹೊಸ ಕಾಲೇಜಿನ ಅಡಿಗಲ್ಲು ಇಡುವ ದಿನ, ಈಗಿರುವ ಶಾಲೆಯ ಗೌರವಧನದ ಶಿಕ್ಷಕಿಗೆ ಹೋದ ತಿಂಗಳ ಹಣ ಸಂದಿದೆಯೇ ಎಂದು ಒಮ್ಮೆ ಕೇಳಿಕೊಳ್ಳೋಣ. ಸಂದಿದ್ದರೆ ಧೈರ್ಯವಾಗಿ ಅಡಿಗಲ್ಲು ಇಡೋಣ, ಆ ಕಟ್ಟಡದಲ್ಲಿ ಬರಕತ್ ಇರುತ್ತದೆ.

ಕೊನೆಯದಾಗಿ ಆ ಹುಡುಗನ ವಿಷಯ. ನಾನು ತಿಳಿದದ್ದನ್ನೆಲ್ಲ ಅವನ ಮುಂದೆ, ಅವನ ತಂದೆಯ ಮುಂದೆ ಇಟ್ಟೆ. ಆಟ ಬಿಡು ಎಂದು ನಾನು ಹೇಳಲಿಲ್ಲ. "ಆಡು. ಆದರೆ ಒಂದು ದಿನ ಕ್ಲಬ್ಬಿನವರು ನಿನ್ನ ಮುಂದೆ ಕರಾರು ಪತ್ರ ಇಡುತ್ತಾರೆ. ಅದರಲ್ಲಿ ಎಷ್ಟು ಎಂಬುದು ದಪ್ಪ ಅಕ್ಷರದಲ್ಲಿರುತ್ತದೆ, ಯಾವಾಗ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ. ಆ ಸಣ್ಣ ಅಕ್ಷರ ಓದಲು ಬರುವಷ್ಟು ಕಲಿತು ಹೋಗು" ಎಂದೆ. ಅವನು ಎಸ್.ಎಸ್.ಎಲ್.ಸಿ. ಪಾಸಾದ. ಈಗ ಪಿ.ಯು.ಸಿ. ಓದುತ್ತ, ಸಂಜೆ ಮೈದಾನಕ್ಕೆ ಬರುತ್ತಾನೆ. ಇಂದು ಬಹುಮಾನ ಪಡೆದವರ ಸಾಲಿನಲ್ಲಿ ಅವನೂ ಇದ್ದಾನೆ, ಹೆಸರು ಹೇಳಿ ಅವನಿಗೆ ಮುಜುಗರ ಮಾಡುವುದಿಲ್ಲ. ಅವನ ತಂದೆ ಮಗ್ಗಕ್ಕೆ ಅರ್ಧ ದಿನ ರಜೆ ಹಾಕಿ ಹಿಂದಿನ ಸಾಲಿನಲ್ಲಿ ಬಂದು ಕೂತಿದ್ದಾರೆ. ಅವರು ನನಗೆ ಕೇಳಿದ ಪ್ರಶ್ನೆಯನ್ನು ನಾನು ನಿಮ್ಮೆಲ್ಲರಿಗೂ ಒಪ್ಪಿಸಿ, ನನ್ನ ಮಾತು ಮುಗಿಸುತ್ತೇನೆ.